ದೀರ್ಘ ವಿಮಾನಯಾನದಲ್ಲಿ ಕಾಲುಗಳ ಚಡಪಡಿಕೆ: ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರಿಂದ):

ಡಾಕ್ಟರೇ, ನಮಸ್ಕಾರ. ನನಗೆ 62 ವರ್ಷ. ಮಗಳ ಬಾಣಂತನಕ್ಕೆಂದು ಇನ್ನು ಎರಡು ತಿಂಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಡಬೇಕಾಗಿದೆ. ಬೆಳಗಿನ ಜಾವ 4 ಗಂಟೆಗೆ ಬೆಂಗಳೂರು ಬಿಟ್ಟು, ದುಬೈಯಲ್ಲಿ ಎರಡೂವರೆ ಗಂಟೆ ಕಾದು, ಅಲ್ಲಿಂದ 16 ಗಂಟೆಗಳ ವಿಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪುವಂತೆ ಟಿಕೆಟ್ ಆಗಿದೆ. ಹಲವು ವರ್ಷಗಳಿಂದ ರಾತ್ರಿ ಮಲಗಿದ ಕೂಡಲೇ ಮೀನಖಂಡದ ಒಳಗೆ ಏನೋ ಹರಿದಾಡಿದಂತೆ, ಎಳೆದಂತೆ ಆಗುತ್ತದೆ. ಅದನ್ನು ನೋವು ಎನ್ನಲಾಗದು, ಆದರೆ ಕಾಲು ಆಡಿಸದೆ ಇರಲೂ ಆಗದು. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಹೋಗುತ್ತದೆ, ಮಲಗಿದರೆ ಮತ್ತೆ ಬರುತ್ತದೆ. ಹಿಂದಿನ ಸಲ ಹೋಗುವಾಗ ವಾಂತಿಯಾಗದಿರಲಿ, ಸ್ವಲ್ಪ ನಿದ್ದೆಯೂ ಬರಲಿ ಎಂದು ಔಷಧಿ ಅಂಗಡಿಯಲ್ಲಿ ಕೊಟ್ಟ ಮಾತ್ರೆಯನ್ನು ನುಂಗಿದ್ದೆ. ನಿದ್ದೆ ಬರಲಿಲ್ಲ, ಕಾಲಿನ ಕಾಟ ಎರಡರಷ್ಟಾಯಿತು. ಕಿಟಕಿ ಪಕ್ಕದ ಸೀಟಾದ್ದರಿಂದ ಅಕ್ಕಪಕ್ಕದವರನ್ನು ಮತ್ತೆ ಮತ್ತೆ ಎಬ್ಬಿಸಲು ಸಂಕೋಚವಾಗಿ, ಕೊನೆಗೆ ಅಳುವೇ ಬಂದುಬಿಟ್ಟಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.4 ಇದೆ, ರಕ್ತ ಚೆನ್ನಾಗಿದೆ ಎಂದಿದ್ದಾರೆ. ಥೈರಾಯ್ಡ್ ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ. ಈ ಸಲ ನಾನು ಏನು ಮಾಡಬೇಕು?

ಉತ್ತರ:

ನಮಸ್ಕಾರ ಅಮ್ಮಾ. ನೀವು ವಿವರಿಸಿರುವುದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್‌ನ ಲಕ್ಷಣಗಳನ್ನೇ. ಕಾಲು ಆಡಿಸಲೇಬೇಕೆಂಬ ತುಡಿತ, ಸುಮ್ಮನೆ ಕುಳಿತಾಗ ಅಥವಾ ಮಲಗಿದಾಗ ಅದು ಶುರುವಾಗುವುದು, ಓಡಾಡಿದರೆ ಕಡಿಮೆಯಾಗುವುದು, ಹಗಲಿಗಿಂತ ಸಂಜೆ ಮತ್ತು ರಾತ್ರಿ ಹೆಚ್ಚಾಗುವುದು, ಇದಕ್ಕೆಲ್ಲ ಸ್ನಾಯು ಸೆಳೆತದಂತಹ ಬೇರೆ ಕಾರಣ ಇಲ್ಲದಿರುವುದು, ಈ ಐದೂ ಸೇರಿದರೆ ರೋಗನಿರ್ಣಯಕ್ಕೆ ಸ್ಕ್ಯಾನಿಂಗ್ ಬೇಕಾಗುವುದಿಲ್ಲ, ರೋಗಿಯ ಮಾತನ್ನು ಗಮನವಿಟ್ಟು ಕೇಳಿದರೆ ಸಾಕು. 1672ರಲ್ಲಿಯೇ ಥಾಮಸ್ ವಿಲಿಸ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ವರ್ಣಿಸಿದ್ದರು, 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ವಿವರವಾಗಿ ಅಧ್ಯಯನ ಮಾಡಿದರು. ಹಾಗಿದ್ದರೂ ಇಂದಿಗೂ ಎಷ್ಟೋ ಮಂದಿಗೆ ವಯಸ್ಸಾದದ್ದಕ್ಕೆ ಹೀಗೆ, ಮನಸ್ಸಿನ ಗಾಬರಿಗೆ ಹೀಗೆ ಎಂಬ ಸಮಾಧಾನದ ಮಾತು ಮಾತ್ರ ಸಿಗುತ್ತದೆ. ನಿಮ್ಮ ತೊಂದರೆ ನಿಜವಾದದ್ದು, ಮಿದುಳಿನಲ್ಲಿ ಕಬ್ಬಿಣಾಂಶದ ಕೊರತೆ ಮತ್ತು ಡೋಪಮೈನ್ ಎಂಬ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕದ ವ್ಯವಸ್ಥೆಯ ಏರುಪೇರಿಗೆ ಸಂಬಂಧಿಸಿದ್ದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಈ ಕಾಯಿಲೆಯವರ ವಿಮಾನಯಾನ ಹೇಗಾಗುತ್ತದೆ ಎಂಬುದರ ಬಹುಪಾಲು ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ದಿನ ಯಾವ ಮಾತ್ರೆ ನುಂಗಬೇಕು ಎಂಬುದಕ್ಕಿಂತ ಯಾವುದನ್ನು ನುಂಗಬಾರದು ಎಂಬುದು ಮುಖ್ಯ, ಅದಕ್ಕಿಂತಲೂ ಮುಖ್ಯ ಕೆಲವು ವಾರ ಮುಂಚಿತವಾಗಿ ಮಾಡಿಸಬೇಕಾದ ಒಂದು ರಕ್ತ ಪರೀಕ್ಷೆ.

ಮೊದಲು ನುಂಗಬಾರದ್ದರ ಬಗ್ಗೆ ಹೇಳುತ್ತೇನೆ. ಹಿಂದಿನ ಸಲ ನೀವು ತೆಗೆದುಕೊಂಡ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ, ಆದರೆ ಪ್ರಯಾಣದ ವಾಂತಿಗೆಂದು ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಪ್ರೊಮೆಥಜಿನ್. ಘಾಟಿ ರಸ್ತೆಯ ಬಸ್ ಪ್ರಯಾಣಕ್ಕೆಂದು ಎಷ್ಟೋ ಮನೆಗಳಲ್ಲಿ ಇಟ್ಟುಕೊಂಡಿರುವ ಮಾತ್ರೆ ಅದು, ಬೇರೆಯವರಿಗೆ ಉಪಯುಕ್ತವೂ ಹೌದು. ಆದರೆ ಅದು ಮಿದುಳಿನಲ್ಲಿ ಹಿಸ್ಟಮಿನ್ ಮತ್ತು ಡೋಪಮೈನ್ ಎರಡನ್ನೂ ತಡೆಯುವುದರಿಂದ ಕಾಲಿನ ಚಡಪಡಿಕೆ ಇರುವವರಿಗೆ ಎರಡು ಕಡೆಯಿಂದಲೂ ಹೊಡೆತ ಬೀಳುತ್ತದೆ. ನಿದ್ದೆಯ ಮಂಪರು ಕವಿದಿರುತ್ತದೆ, ಕಾಲು ಮಾತ್ರ ಮಲಗಲು ಬಿಡುವುದಿಲ್ಲ. ನಿಮಗಾದದ್ದು ಇದೇ ಇರಬಹುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ನೆಗಡಿಯ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ಕೆಮ್ಮಿನ ಕೆಲವು ಸಿರಪ್‌ಗಳಲ್ಲಿರುವ ಡೈಫೆನ್‌ಹೈಡ್ರಮಿನ್, ಇವೆಲ್ಲವೂ ನಿಮಗೆ ವರ್ಜ್ಯ. ನೆಗಡಿಯ ಮಾತ್ರೆಯ ಪಟ್ಟಿಯನ್ನು ಒಮ್ಮೆ ತಿರುಗಿಸಿ ಹಿಂಬದಿಯ ಬೆಳ್ಳಿ ಹಾಳೆಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ: ಮೇಲೆ ದಪ್ಪಕ್ಷರದಲ್ಲಿ ಕಂಪನಿ ಕೊಟ್ಟ ಹೆಸರು, ಕೆಳಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಅದರ ಕೆಳಗೆ ಫೀನೈಲ್‌ಎಫ್ರಿನ್, ಅದರ ಜೊತೆಗೇ ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ ಎಂದಿರುತ್ತದೆ. ವಿಮಾನದಲ್ಲಿ ಮೂಗು ಕಟ್ಟದಿರಲಿ ಎಂದು ಇದನ್ನು ನುಂಗಿದವರಿಗೆ ಆ ರಾತ್ರಿ ಕಾಲು ಏಕೆ ಹಾಗಾಯಿತು ಎಂಬುದು ಹೊಳೆಯುವುದೇ ಇಲ್ಲ. ಅಲರ್ಜಿಗೆ ಮಾತ್ರೆ ಬೇಕೇಬೇಕಾದರೆ ಫೆಕ್ಸೊಫೆನಡಿನ್ ಮಿದುಳಿನೊಳಗೆ ಹೆಚ್ಚು ಹೋಗುವುದಿಲ್ಲ, ಆದ್ದರಿಂದ ಅದು ವಾಸಿ. ವಾಂತಿಯ ಭಯವಿದ್ದರೆ ಕುಲುಕಾಟ ಕಡಿಮೆಯಿರುವ, ರೆಕ್ಕೆಗಳ ಸಮೀಪದ ಸಾಲಿನಲ್ಲಿ ಸೀಟು ತೆಗೆದುಕೊಳ್ಳಿ. ಔಷಧಿಯೇ ಬೇಕೆಂದಾದರೆ, ಮಿದುಳಿಗೆ ಹೆಚ್ಚು ತಲುಪದ ಡೊಂಪೆರಿಡೋನ್ ನಿಮಗೆ ಹೊಂದುತ್ತದೆಯೇ ಎಂದು ನಿಮ್ಮ ಹೃದಯದ ಸ್ಥಿತಿ ಬಲ್ಲ ವೈದ್ಯರನ್ನು ಕೇಳಿ ನಿರ್ಧರಿಸಿ.

ಇನ್ನು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ 12.4 ಇರುವುದು ಸಂತೋಷವೇ, ಆದರೆ ಅದು ನಮ್ಮ ಪ್ರಶ್ನೆಗೆ ಉತ್ತರವಲ್ಲ. ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಎಂದು ತಿಳಿಸುವುದು ಫೆರಿಟಿನ್. ದಾಸ್ತಾನು ಪೂರ್ತಿ ಬರಿದಾಗುತ್ತಾ ಬಂದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಲ್ಯಾಬಿನ ವರದಿಯಲ್ಲಿ ಫೆರಿಟಿನ್ ಮಿಲಿಲೀಟರಿಗೆ 15 ಅಥವಾ 20 ನ್ಯಾನೊಗ್ರಾಂ ಇದ್ದರೂ ಸಾಮಾನ್ಯ ಎಂದೇ ಮುದ್ರಿತವಾಗಿರಬಹುದು, ಆದರೆ ಕಾಲಿನ ಚಡಪಡಿಕೆ ಇರುವವರಲ್ಲಿ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶ ಕೊಡಬೇಕೆಂಬುದು ಈಗ ತಜ್ಞರ ಮಾರ್ಗಸೂಚಿಗಳ ಮಾತು. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ) ಕೂಡ ನೋಡಬೇಕು, ಅದು 20%ಗಿಂತ ಕಡಿಮೆಯಿದ್ದರೂ ಕೊರತೆಯೆಂದೇ ಅರ್ಥ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ, ಹಿಂದಿನ ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಡಿ, ಜ್ವರ ಅಥವಾ ಸೋಂಕು ಇರುವಾಗ ಪರೀಕ್ಷೆ ಮಾಡಿಸಬೇಡಿ, ಏಕೆಂದರೆ ಉರಿಯೂತವಿದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ. ನಾವು ರಾಗಿ ಮುದ್ದೆ ತಿನ್ನುವವರು, ನಮಗೆಲ್ಲಿ ಕಬ್ಬಿಣದ ಕೊರತೆ ಎಂದು ಹಲವರು ಕೇಳುತ್ತಾರೆ. ರಾಗಿ ಸುಣ್ಣದ ಅಂಶಕ್ಕೆ ಬಹಳ ಒಳ್ಳೆಯದು, ಆದರೆ 100 ಗ್ರಾಂನಲ್ಲಿ ಕಬ್ಬಿಣ ಇರುವುದು ಐದು ಮಿಲಿಗ್ರಾಂಗಿಂತ ಕಡಿಮೆ, ಅದರಲ್ಲಿಯೂ ಧಾನ್ಯದಲ್ಲೇ ಇರುವ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್‌ನಿಂದಾಗಿ ಮೈಗೆ ಹತ್ತುವುದು ಅಲ್ಪ. ಊಟವಾದ ತಕ್ಷಣ ಕಾಫಿ, ಚಹಾ ಕುಡಿಯುವ ನಮ್ಮ ರೂಢಿ ಆ ಅಲ್ಪವನ್ನೂ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು 48% ಮಂದಿಗೆ ರಕ್ತಹೀನತೆ ಇದೆ, ರಕ್ತಹೀನತೆ ಇಲ್ಲದೆ ದಾಸ್ತಾನು ಮಾತ್ರ ಕಡಿಮೆಯಿರುವವರನ್ನು ಈ ಲೆಕ್ಕ ಹಿಡಿಯುವುದೂ ಇಲ್ಲ.

ಮೂರನೆಯದು ಗಂಟೆಯ ಲೆಕ್ಕ. ಈ ತೊಂದರೆ ದೇಹದೊಳಗಿನ ಗಡಿಯಾರವನ್ನು ಅನುಸರಿಸುತ್ತದೆ, ನಡುರಾತ್ರಿಯ ಆಚೀಚೆ ಅತಿ ಹೆಚ್ಚು, ಬೆಳಗಿನ ಹೊತ್ತು ಅತಿ ಕಡಿಮೆ. ವಿಮಾನ ಯಾವ ದೇಶದ ಮೇಲೆ ಹಾರುತ್ತಿದೆ, ಹೊರಗೆ ಬೆಳಕಿದೆಯೋ ಕತ್ತಲೆಯಿದೆಯೋ ಎಂಬುದು ಮೊದಲ ದಿನ ನಿಮ್ಮ ಕಾಲಿಗೆ ಸಂಬಂಧಿಸಿದ್ದಲ್ಲ. ನಿಮ್ಮ ಪ್ರಯಾಣವನ್ನು ಭಾರತದ ಗಂಟೆಯಲ್ಲೇ ಬರೆದು ನೋಡಿ. ಬೆಂಗಳೂರಿನಿಂದ 4ಕ್ಕೆ ಹೊರಡುತ್ತೀರಿ, ಮೊದಲ ಎರಡು ಗಂಟೆ ಕಷ್ಟವಾಗಬಹುದು, 8ರ ಹೊತ್ತಿಗೆ ದುಬೈ ಬರುತ್ತದೆ. ನಮ್ಮ 10:30ಕ್ಕೆ ದೊಡ್ಡ ವಿಮಾನ ಏರುತ್ತದೆ, ಅಲ್ಲಿಂದ ಮುಂದಿನ ಎಂಟೊಂಬತ್ತು ಗಂಟೆ ನಿಮ್ಮ ದೇಹಕ್ಕೆ ಹಗಲು. ನಮ್ಮ ಸಂಜೆ 7ರಿಂದ ರಾತ್ರಿ 2:30ರವರೆಗೆ, ಅಂದರೆ ಇಳಿಯುವ ಮುಂಚಿನ ಏಳೂವರೆ ಗಂಟೆಗಳೇ ನಿಮ್ಮ ನಿಜವಾದ ಪರೀಕ್ಷೆ. ಆದ್ದರಿಂದ ನಿದ್ದೆ ಮಾಡುವುದಿದ್ದರೆ ಎರಡನೆಯ ವಿಮಾನ ಹತ್ತಿದ ಕೂಡಲೇ, ಕಾಲು ಶಾಂತವಾಗಿರುವಾಗಲೇ ಮಾಡಿ. ರಾತ್ರಿಯಿಡೀ ಎಚ್ಚರವಿದ್ದು ಬಂದಿರುತ್ತೀರಾದ್ದರಿಂದ ನಿದ್ದೆ ಬರುವುದೂ ಸುಲಭ. ಎಚ್ಚರದ ಕೆಲಸಗಳನ್ನು, ಓಡಾಟವನ್ನು, ಪ್ರಯಾಣಕ್ಕೆಂದು ವೈದ್ಯರು ಕೊಟ್ಟ ಔಷಧಿಯೇನಾದರೂ ಇದ್ದರೆ ಅದನ್ನೂ ಕೊನೆಯ ಭಾಗಕ್ಕೆ ಉಳಿಸಿಕೊಳ್ಳಿ.

ಸೀಟಿನ ವಿಷಯದಲ್ಲಿ ಸಂಕೋಚ ಬೇಡ. ಐಲ್ ಸೀಟನ್ನೇ, ಅಂದರೆ ಓಡಾಡುವ ಹಾದಿಯ ಪಕ್ಕದ ಸೀಟನ್ನೇ ಮುಂಗಡವಾಗಿ ಆರಿಸಿ, ಬೇಕಾದರೆ ಹಣ ಕೊಟ್ಟಾದರೂ ಆರಿಸಿ. ನಡುವಿನ ಸಾಲಿನ ಐಲ್ ಸೀಟಾದರೆ ನಿಮ್ಮನ್ನು ದಾಟಿಹೋಗುವವರು ಕಡಿಮೆ. ಕೈಚೀಲವನ್ನು ಮುಂದಿನ ಸೀಟಿನ ಕೆಳಗಿಡದೆ ಮೇಲಿಡಿ, ಕಾಲು ಚಾಚಲು ಇರುವ ಜಾಗ ಅದೊಂದೇ. ಹತ್ತಿದ ಕೂಡಲೇ ಗಗನಸಖಿಯರಲ್ಲಿ ಒಬ್ಬರಿಗೆ ನಿಮ್ಮ ತೊಂದರೆಯನ್ನು ಒಂದೇ ವಾಕ್ಯದಲ್ಲಿ ಹೇಳಿ, ಮತ್ತೆ ಮತ್ತೆ ಎದ್ದು ಹಿಂಬದಿಯಲ್ಲಿ ನಿಲ್ಲಬೇಕಾಗುತ್ತದೆ ಎಂದು ತಿಳಿಸಿ, ಸಾಮಾನ್ಯವಾಗಿ ಅವರು ಸಹಾಯವನ್ನೇ ಮಾಡುತ್ತಾರೆ. ಬೆಲ್ಟ್ ದೀಪ ಉರಿಯುತ್ತಿದ್ದು ಏಳಲಾಗದಿದ್ದಾಗ ಹೀಗೆ ಮಾಡಿ: ಚಪ್ಪಲಿ ಕಳಚಿ, ಬೆರಳ ಬುಡವನ್ನು ನೆಲಕ್ಕೆ ಬಲವಾಗಿ ಒತ್ತಿ ಹಿಮ್ಮಡಿ ಎತ್ತಿ, ಮೀನಖಂಡ ಗಟ್ಟಿಯಾದದ್ದು ಕೈಗೆ ತಿಳಿಯುವಂತೆ ಹತ್ತು ಎಣಿಸಿ ಬಿಡಿ. ಅನಂತರ ಹಿಮ್ಮಡಿಯೂರಿ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಮತ್ತೆ ಹತ್ತು ಎಣಿಸಿ. ಒಂದು ಪಾದದ ಮೇಲೆ ಇನ್ನೊಂದನ್ನಿಟ್ಟು ಎರಡನ್ನೂ ಪರಸ್ಪರ ಒತ್ತಿ ಹಿಡಿದರೂ ಆಗುತ್ತದೆ. ತುಡಿತ ತಡೆಯಲಾಗದಷ್ಟಾಗುವವರೆಗೆ ಕಾಯದೆ, ಮೊದಲ ಸುಳಿವು ಸಿಕ್ಕಾಗಲೇ ಆರಂಭಿಸಿ. ಮನಸ್ಸಿಗೆ ಕೆಲಸ ಕೊಡುವುದೂ ಔಷಧಿಯಷ್ಟೇ ನಿಜವಾದ ಉಪಾಯ. ಸಿನಿಮಾ ನೋಡುತ್ತಾ ಕುಳಿತರೆ ಸಾಲದು, ಪದಬಂಧ, ಸುಡೊಕು, ಲೆಕ್ಕ ಬರೆಯುವುದು, ಪಕ್ಕದವರೊಡನೆ ಆಸಕ್ತಿಯ ಮಾತು, ಹೀಗೆ ತಲೆ ಓಡಿಸಬೇಕಾದ ಕೆಲಸದಲ್ಲಿ ತೊಡಗಿದಾಗ ಕಾಲಿನ ತುಡಿತ ಇಳಿಯುತ್ತದೆ. ಕಾಫಿ ಕೆಲವರಿಗೆ ಹೆಚ್ಚು ಮಾಡುತ್ತದೆ, ನಿಮಗೆ ಹಾಗಾಗುತ್ತದೆಯೇ ಎಂದು ಮನೆಯಲ್ಲಿ ಒಂದು ವಾರ ಮಧ್ಯಾಹ್ನದ ಮೇಲೆ ಬಿಟ್ಟು ನೋಡಿ.

ಮೊದಲು ಫೆರಿಟಿನ್ ಪರೀಕ್ಷೆ ಮಾಡಿಸಿ ಇಲ್ಲಿ ಬರೆಯಿರಿ.

ಪ್ರಶ್ನೆ (ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಿಂದ):

ಸರ್, ನನಗೆ 44 ವರ್ಷ. ಕಾಲಿನ ಚಡಪಡಿಕೆಗೆ ನಾಲ್ಕೈದು ವರ್ಷಗಳಿಂದ ಪ್ರಮಿಪೆಕ್ಸೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಈಗ ಮಧ್ಯಾಹ್ನ 3 ಗಂಟೆಗೇ ಕಾಲು ಶುರುವಾಗುತ್ತದೆ, ಒಮ್ಮೊಮ್ಮೆ ತೋಳಿನಲ್ಲೂ ಹಾಗೆಯೇ ಆಗುತ್ತದೆ. ಕೆಲಸದ ಮೇಲೆ ಆಗಾಗ ಜರ್ಮನಿಗೆ ಹೋಗಬೇಕು. ವಿಮಾನ ಹತ್ತುವ ದಿನ ಒಂದು ಮಾತ್ರೆ ಹೆಚ್ಚಿಗೆ ತೆಗೆದುಕೊಳ್ಳಬಹುದೇ?

ಉತ್ತರ:

ದಯವಿಟ್ಟು ತೆಗೆದುಕೊಳ್ಳಬೇಡಿ. ನೀವು ಬರೆದಿರುವುದು ಕಾಯಿಲೆ ಬೆಳೆದದ್ದರ ಸೂಚನೆಗಿಂತ ಹೆಚ್ಚಾಗಿ ಔಷಧಿಯಿಂದಲೇ ಕಾಯಿಲೆ ಉಲ್ಬಣಿಸಿದ್ದರ ಸೂಚನೆಯಂತೆ ಕಾಣುತ್ತದೆ. ವೈದ್ಯಕೀಯದಲ್ಲಿ ಇದನ್ನು ಆಗ್ಮೆಂಟೇಷನ್ ಎನ್ನುತ್ತಾರೆ. ಲಕ್ಷಣಗಳು ದಿನೇ ದಿನೇ ಬೇಗ ಶುರುವಾಗುವುದು, ಕುಳಿತ ಕೆಲವೇ ನಿಮಿಷಗಳಲ್ಲಿ ಬರುವುದು, ಕೈಗಳಿಗೆ ಹರಡುವುದು, ಮಾತ್ರೆಯ ಪರಿಣಾಮ ಬೇಗ ಕುಗ್ಗುವುದು ಇದರ ಗುರುತುಗಳು. ಡೋಸ್ ಹೆಚ್ಚಿಸಿದರೆ ಕೆಲವು ದಿನ ಹಿತವೆನಿಸಿ, ಅನಂತರ ಮೊದಲಿಗಿಂತ ಕೆಟ್ಟದಾಗುತ್ತದೆ. ಈ ಸುಳಿಯೊಳಗೆ ಸಿಕ್ಕಿಕೊಂಡು ವರ್ಷಗಟ್ಟಲೆ ನಿದ್ದೆಗೆಟ್ಟವರನ್ನು ನೋಡಿ ನನಗೆ ಬಹಳ ಸಂಕಟವಾಗುತ್ತದೆ, ಏಕೆಂದರೆ ಇದು ತಪ್ಪಿಸಬಹುದಾದದ್ದು.

ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದೇ ಕಾರಣಕ್ಕಾಗಿ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದವುಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸದಿರುವುದೇ ಒಳಿತೆಂದು ಹೇಳಿ, ಗ್ಯಾಬಪೆಂಟಿನ್, ಪ್ರಿಗಬಾಲಿನ್ ಗುಂಪಿನ ಔಷಧಿಗಳನ್ನು ಮತ್ತು ಕಬ್ಬಿಣಾಂಶದ ಚಿಕಿತ್ಸೆಯನ್ನು ಮುಂದಕ್ಕೆ ತಂದಿದೆ. ಹಾಗೆಂದು ಇದನ್ನು ಓದಿದ ಕೂಡಲೇ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕೆಲವು ರಾತ್ರಿ ಕಣ್ಣು ಮುಚ್ಚಲಾಗದಷ್ಟು ತೀವ್ರವಾಗಿ ಲಕ್ಷಣಗಳು ಮರುಕಳಿಸುತ್ತವೆ. ನಿಮ್ಮ ವೈದ್ಯರ ಉಸ್ತುವಾರಿಯಲ್ಲಿ, ಪ್ರಯಾಣವಿಲ್ಲದ ತಿಂಗಳಲ್ಲಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬೇರೆ ಔಷಧಿಗೆ ಬದಲಾಗಬೇಕು. ಅಲ್ಲಿಯವರೆಗೆ ಮಾತ್ರೆಯ ಪಟ್ಟಿಯನ್ನು ಕ್ಯಾಬಿನ್ ಚೀಲದಲ್ಲಿಯೇ ಇಟ್ಟುಕೊಳ್ಳಿ. ದೊಡ್ಡ ಲಗೇಜು ಬೇರೆ ಊರಿಗೆ ಹೋದರೆ ಔಷಧಿಯಿಲ್ಲದೆ ಕಳೆಯುವ ರಾತ್ರಿ ಬಹಳ ಕಷ್ಟದ್ದು.

ಕೇಳಲೇಬೇಕಾದ ಇನ್ನೊಂದು ಮಾತಿದೆ, ಇದರ ಉತ್ತರವನ್ನು ನೀವು ಇಲ್ಲಿ ಬರೆಯಬೇಕಾಗಿಲ್ಲ. ಈ ಔಷಧಿ ಆರಂಭಿಸಿದ ಮೇಲೆ ಆನ್‌ಲೈನ್ ರಮ್ಮಿ, ಷೇರು ವ್ಯವಹಾರ, ಬೇಡದ ಖರೀದಿ, ಇಂತಹ ಯಾವುದರಲ್ಲಾದರೂ ಕೈ ಹಿಡಿತ ತಪ್ಪಿದೆಯೇ? ಪ್ರಮಿಪೆಕ್ಸೋಲ್‌ನಂತಹ ಔಷಧಿಗಳಿಂದ ಕೆಲವರಲ್ಲಿ ಹೀಗಾಗುತ್ತದೆ, ಅದು ಅವರ ಸ್ವಭಾವದ ದೋಷವಲ್ಲ. ಹೌದಾದರೆ ಮುಂದಿನ ಭೇಟಿಯವರೆಗೆ ಕಾಯದೆ ನಿಮ್ಮ ವೈದ್ಯರಿಗೆ ಹೇಳಿ.

ಪ್ರಶ್ನೆ (ಮಂಗಳೂರಿನಿಂದ):

ಡಾಕ್ಟರೇ, ಕಾಲಿನ ಚಡಪಡಿಕೆಗೆ ನನಗೆ ಪ್ರಿಗಬಾಲಿನ್ ಚೆನ್ನಾಗಿ ಹೊಂದಿಕೊಂಡಿದೆ. ಮಗ ದುಬೈಯಲ್ಲಿದ್ದಾನೆ, ಅಲ್ಲಿಂದ ಲಂಡನ್ನಿನ ತಮ್ಮನ ಮನೆಗೂ ಹೋಗುವ ಯೋಚನೆಯಿದೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಒಯ್ಯಬಹುದೇ?

ಉತ್ತರ:

ನಮ್ಮಲ್ಲಿ ವೈದ್ಯರ ಚೀಟಿಯ ಮೇಲೆ ಸುಲಭವಾಗಿ ಸಿಗುವ ಪ್ರಿಗಬಾಲಿನ್, ದುಬೈ ಸೇರಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಯಂತ್ರಿತ ಔಷಧಿ, ನೋವಿಗೆ ಕೊಡುವ ಟ್ರಮಡಾಲ್ ಕೂಡ ಹಾಗೆಯೇ. ಅಲ್ಲಿ ಇಳಿದು ವಾಸ ಮಾಡುವವರಾದ್ದರಿಂದ ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಅನುಮತಿಗೆ ಅರ್ಜಿ ಹಾಕಿ, ಎಷ್ಟು ದಿನದ ಪ್ರಮಾಣಕ್ಕೆ ಅನುಮತಿಯಿದೆ ಎಂಬುದನ್ನು ಅಲ್ಲಿಯೇ ನೋಡಿ ಅಷ್ಟನ್ನೇ ಒಯ್ಯಿರಿ. ಬ್ರಿಟನ್ನಿನಲ್ಲಿಯೂ 2019ರ ಏಪ್ರಿಲ್‌ನಿಂದ ಗ್ಯಾಬಪೆಂಟಿನ್ ಮತ್ತು ಪ್ರಿಗಬಾಲಿನ್ ನಿಯಂತ್ರಿತ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರು, ಡೋಸ್, ಕಾಯಿಲೆಯ ಹೆಸರು ಇರಲಿ, ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿಕೊಳ್ಳಬೇಡಿ, ಮೂಲ ಪಟ್ಟಿಯಲ್ಲಿಯೇ ಒಯ್ಯಿರಿ. ಬೇರೆಯವರ ಮಾತ್ರೆಯನ್ನು ಸ್ನೇಹಕ್ಕಾಗಿ ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಪ್ರಶ್ನೆ (ಹುಬ್ಬಳ್ಳಿಯಿಂದ):

ಸರ್, ವಿಮಾನದಲ್ಲಿ ಅರ್ಧ ಆಲ್ಪ್ರಜೋಲಮ್ ಮಾತ್ರೆ, ಜೊತೆಗೆ ಸ್ವಲ್ಪ ವೈನ್ ತೆಗೆದುಕೊಂಡರೆ ಸುಖವಾಗಿ ನಿದ್ದೆ ಬರುತ್ತದೆ ಎಂದು ಸ್ನೇಹಿತರು ಹೇಳಿದ್ದಾರೆ. ಸರಿಯೇ?

ಉತ್ತರ:

ಸರಿಯಲ್ಲ. ಮದ್ಯ ಕಾಲಿನ ಚಡಪಡಿಕೆಯನ್ನು ಹೆಚ್ಚಿಸುತ್ತದೆ, ಎರಡೂ ಸೇರಿದರೆ ಉಸಿರಾಟವನ್ನು ಕುಗ್ಗಿಸುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆಯಾದ್ದರಿಂದ ಗೊರಕೆ, ಉಸಿರು ಕಟ್ಟುವ ತೊಂದರೆ ಇರುವವರಿಗೆ ಇದು ಅಪಾಯಕರ. ಅಲ್ಲಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ಅರೆನಿದ್ದೆಯಲ್ಲಿ ಕಾಲಿನ ತುಡಿತಕ್ಕೆ ಎದ್ದು ನಡೆಯಹೋಗಿ ಬಿದ್ದವರೂ ಇದ್ದಾರೆ.

ಪ್ರಶ್ನೆ (ದಾವಣಗೆರೆಯಿಂದ, ತಂದೆಯವರ ಪರವಾಗಿ):

ಡಾಕ್ಟರೇ, ನಮ್ಮ ತಂದೆಯವರಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ ಎನ್ನುತ್ತಾರೆ, ರಾತ್ರಿ ಹೆಚ್ಚು. ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಬೇಕು. ಗಾಲಿಕುರ್ಚಿಯ ಸಹಾಯ ಕೇಳಿದ್ದೇವೆ, ಕಾಲು ಚಾಚಲು ತುರ್ತು ಬಾಗಿಲಿನ ಸಾಲಿನ ಸೀಟನ್ನೂ ಕೇಳೋಣವೆಂದಿದ್ದೇವೆ. ಒತ್ತಡದ ಕಾಲುಚೀಲ ಹಾಕಬಹುದೇ?

ಉತ್ತರ:

ಮೊದಲು ಇದು ಯಾವ ತೊಂದರೆ ಎಂದು ತಿಳಿಯಬೇಕು. ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾದಾಗ ಬರುವ ಉರಿ ಮತ್ತು ಜೋಮು ಸಾಮಾನ್ಯವಾಗಿ ಪಾದದ ಬೆರಳುಗಳಿಂದ ಆರಂಭವಾಗಿ ಮೇಲೇರುತ್ತದೆ, ಹಗಲಲ್ಲೂ ಇರುತ್ತದೆ, ಮತ್ತು ಎದ್ದು ನಡೆದ ಮಾತ್ರಕ್ಕೆ ಕ್ಷಣದಲ್ಲಿ ಮಾಯವಾಗುವುದಿಲ್ಲ. ತಂದೆಯವರನ್ನು ಒಂದೇ ಪ್ರಶ್ನೆ ಕೇಳಿ: "ಅಪ್ಪಾ, ಕಾಲು ಆಡಿಸದಿದ್ದರೆ ತಡೆಯಲಾಗುವುದಿಲ್ಲ ಅನ್ನಿಸುತ್ತದೆಯೇ, ನಡೆದರೆ ಆ ಕ್ಷಣಕ್ಕೆ ಹೋಗಿಬಿಡುತ್ತದೆಯೇ?" ಎರಡಕ್ಕೂ ಹೌದೆಂದರೆ ಚಡಪಡಿಕೆಯೂ ಸೇರಿದೆ ಎಂದು ತಿಳಿಯಬಹುದು, ಒಬ್ಬರಲ್ಲಿಯೇ ಎರಡೂ ಇರುವುದು ಅಪರೂಪವಲ್ಲ.

ಗಾಲಿಕುರ್ಚಿಯ ಸಹಾಯ ಕೇಳಿದವರಿಗೆ ತುರ್ತು ಬಾಗಿಲಿನ ಸಾಲಿನಲ್ಲಿ ಸೀಟು ಕೊಡುವುದಿಲ್ಲ, ಆಪತ್ತಿನಲ್ಲಿ ಬಾಗಿಲು ತೆರೆಯಬಲ್ಲವರೇ ಅಲ್ಲಿ ಕೂರಬೇಕೆಂಬುದು ನಿಯಮ. ಎದುರಿಗೆ ಗೋಡೆಯಿರುವ ಸಾಲನ್ನು ಕೇಳಿ, ಸಾಮಾನ್ಯವಾಗಿ ಶೌಚಾಲಯಕ್ಕೂ ಹತ್ತಿರವಾಗುತ್ತದೆ. ಕಾಲುಚೀಲ ಹಾಕುವ ಮೊದಲು ಪಾದದ ನಾಡಿಬಡಿತ ಸರಿಯಿದೆಯೇ ಎಂದು ವೈದ್ಯರು ಪರೀಕ್ಷಿಸಿ ನೋಡಲೇಬೇಕು. ಅಪಧಮನಿಗಳಲ್ಲಿ ರಕ್ತ ಸಂಚಾರ ಕಡಿಮೆಯಿರುವ ಸಕ್ಕರೆ ರೋಗಿಗೆ ಬಿಗಿಯಾದ ಕಾಲುಚೀಲ ಹಾಕಿದರೆ ಹಾನಿಯಾದೀತು. ಸ್ಪರ್ಶಜ್ಞಾನ ಕುಂದಿರುವ ಕಾಲಿಗೆ ಬಿಸಿನೀರಿನ ಬಾಟಲಿ ಇಡುವುದೂ ಬೇಡ, ಬೊಬ್ಬೆ ಬಂದದ್ದೇ ಗೊತ್ತಾಗುವುದಿಲ್ಲ.

ಹೆಪ್ಪುಗಟ್ಟುವ ಭಯದ ಬಗ್ಗೆ ನೀವು ಕೇಳದಿದ್ದರೂ ಹೇಳಬೇಕು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಅದು ಸುಮಾರು 6,000 ಪ್ರಯಾಣಿಕರಲ್ಲಿ ಒಬ್ಬರಿಗೆ ಮಾತ್ರ. ಪ್ರಯಾಣದ ನಂತರದ ದಿನಗಳಲ್ಲಿ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಅಥವಾ ಹಠಾತ್ತಾಗಿ ಉಸಿರು ಕಟ್ಟಿದರೆ, ಅದು ಚಡಪಡಿಕೆಯಲ್ಲ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮರುಪ್ರಶ್ನೆ (ಮೈಸೂರಿನ ಶಿಕ್ಷಕಿಯವರಿಂದ):

ಡಾಕ್ಟರೇ, ಪರೀಕ್ಷೆ ಮಾಡಿಸಿದೆ. ಫೆರಿಟಿನ್ 19, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ 14% ಬಂದಿದೆ. ಮಾತ್ರೆ ತೆಗೆದುಕೊಂಡರೆ ಸಾಕೇ? ಇನ್ನು ಏಳು ವಾರ ಇದೆ. ಇನ್ನೊಂದು ವಿಷಯ, ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೂ ಏಳನೆಯ ತಿಂಗಳಿನಿಂದ ರಾತ್ರಿ ಹೀಗೆಯೇ ಆಗುತ್ತಿದೆ ಎಂದಳು. ನನ್ನಿಂದಲೇ ಅವಳಿಗೆ ಬಂತೇ ಎಂದು ಮನಸ್ಸಿಗೆ ಬೇಸರವಾಗಿದೆ.

ಉತ್ತರ:

ಅಮ್ಮಾ, ಬೇಸರ ಪಟ್ಟುಕೊಳ್ಳಬೇಡಿ. ಈ ತೊಂದರೆ ಮನೆತನದಲ್ಲಿ ಬರುವುದು ನಿಜ, ಆದರೆ ಗರ್ಭಿಣಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ಹೆರಿಗೆಯಾದ ಕೆಲವೇ ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಮಗಳು ತನ್ನ ಪ್ರಸೂತಿ ವೈದ್ಯರಿಗೆ ಹೇಳಿ ಫೆರಿಟಿನ್ ನೋಡಿಸಲಿ, ವಾಂತಿಗೆ ಅಥವಾ ನಿದ್ದೆಗೆ ಮಾತ್ರೆ ಕೊಡುವ ಸಂದರ್ಭ ಬಂದರೆ ಈ ತೊಂದರೆ ಇದೆಯೆಂದು ಮೊದಲೇ ತಿಳಿಸಲಿ.

ನಿಮ್ಮ ಫೆರಿಟಿನ್ 19 ಇರುವುದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ, ಸರಿಪಡಿಸಬಹುದಾದ ಕಾರಣವೊಂದು ಕೈಗೆ ಸಿಕ್ಕಿದೆ. ಆದರೆ 62ರ ವಯಸ್ಸಿನಲ್ಲಿ, ಮುಟ್ಟು ನಿಂತ ಮೇಲೆ, ಕಬ್ಬಿಣಾಂಶ ಇಷ್ಟು ಇಳಿದಿದೆ ಎಂದರೆ ಅದು ಎಲ್ಲಿ ಸೋರಿಹೋಗುತ್ತಿದೆ ಎಂದು ಕೇಳಲೇಬೇಕು. ಹೊಟ್ಟೆ ಮತ್ತು ಕರುಳಿನಲ್ಲಿ ರಕ್ತಸ್ರಾವವಿದೆಯೇ, ನೋವಿನ ಮಾತ್ರೆಗಳನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂಬುದನ್ನು ನಿಮ್ಮ ವೈದ್ಯರು ವಿಚಾರಿಸಲಿ. ಕಾಲಿನ ನೆಪದಲ್ಲಿ ಸಿಕ್ಕ ಈ ಸುಳಿವನ್ನು ಪ್ರಯಾಣದ ಗಡಿಬಿಡಿಯಲ್ಲಿ ಕೈಬಿಡಬೇಡಿ, ವಿಮಾನಕ್ಕಿಂತ ಇದು ದೊಡ್ಡ ವಿಷಯ.

ಮಾತ್ರೆಯಿಂದ ಕಾಲಿಗೆ ಗುಣ ಕಾಣಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ನಿಮಗೆ ಇರುವುದು ಏಳು ವಾರ. ಹೀಗಿರುವಾಗ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂತಹ ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ಆಸ್ಪತ್ರೆಯಲ್ಲಿ ಕೊಡಿಸುವ ಬಗ್ಗೆ ವೈದ್ಯರೊಡನೆ ಮಾತನಾಡಿ. ಫಲ ಕಾಣಲು ಅದಕ್ಕೂ ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ ಈ ವಾರವೇ ಹೋಗಬೇಕು. ಅಪರೂಪಕ್ಕೆ ಅಲರ್ಜಿಯಾಗಬಹುದಾದ್ದರಿಂದ ಮನೆಯಲ್ಲಿ ಕೊಡಿಸಿಕೊಳ್ಳಬಾರದು. ಒಂದು ವೇಳೆ ಮಾತ್ರೆಯೇ ಎಂದು ತೀರ್ಮಾನವಾದರೆ ದಿನ ಬಿಟ್ಟು ದಿನ, ಖಾಲಿ ಹೊಟ್ಟೆಯಲ್ಲಿ, ನಿಂಬೆ ಹಣ್ಣಿನ ರಸದೊಡನೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ನಿಮ್ಮ ಥೈರಾಯ್ಡ್ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ, ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ.

ಇಷ್ಟಾದರೂ ಆ ದಿನಕ್ಕೆಂದು ಒಂದು ಔಷಧಿ ಜೊತೆಯಲ್ಲಿರುವುದು ಧೈರ್ಯ. ವರ್ಷಕ್ಕೊಮ್ಮೆ ಪ್ರಯಾಣ ಮಾಡುವ ನಿಮ್ಮಂಥವರಿಗೆ ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆಯನ್ನು ಆ ಒಂದು ದಿನಕ್ಕೆಂದು ಕೊಡುವುದುಂಟು. ದಿನವೂ ತೆಗೆದುಕೊಂಡರೆ ಮೇಲೆ ಹೇಳಿದ ಉಲ್ಬಣದ ತೊಂದರೆ ಬರುತ್ತದೆ, ಅಪರೂಪಕ್ಕೆ ತೆಗೆದುಕೊಂಡರೆ ಆ ಭಯ ಕಡಿಮೆ. ಇದಲ್ಲದಿದ್ದರೆ ಕಡಿಮೆ ಡೋಸಿನ ಗ್ಯಾಬಪೆಂಟಿನ್. ಯಾವುದನ್ನು ಕೊಟ್ಟರೂ ಹೊರಡುವ ಕೆಲವು ದಿನ ಮೊದಲು ಮನೆಯಲ್ಲಿ ಒಂದು ಸಂಜೆ ತೆಗೆದುಕೊಂಡು ನೋಡಿ, ವಾಕರಿಕೆ, ತಲೆಸುತ್ತು, ಅತಿಯಾದ ಮಂಪರು ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಕಾಶದಲ್ಲಿ ಮೊದಲ ಪ್ರಯೋಗ ಬೇಡ. ವಿಮಾನದಲ್ಲಿ ಅದನ್ನು ನಮ್ಮ ಸಂಜೆ 6ರ ಹೊತ್ತಿಗೆ, ಅಂದರೆ ದುಬೈಯಿಂದ ಹೊರಟು ಏಳೆಂಟು ಗಂಟೆಗಳಾದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಇದಕ್ಕಾಗಿ ಕೈಗಡಿಯಾರವನ್ನು ಇಳಿಯುವವರೆಗೂ ಭಾರತದ ಸಮಯದಲ್ಲೇ ಬಿಡಿ.

ವಾಪಸು ಬರುವಾಗ ಲೆಕ್ಕ ತಿರುಗುತ್ತದೆ. ಕೆಲವು ತಿಂಗಳು ಅಲ್ಲಿದ್ದ ಮೇಲೆ ನಿಮ್ಮ ದೇಹ ಕ್ಯಾಲಿಫೋರ್ನಿಯಾದ ರಾತ್ರಿಗೆ ಒಗ್ಗಿರುತ್ತದೆ. ಮಧ್ಯಾಹ್ನ 4ಕ್ಕೆ ಹೊರಡುವ ವಿಮಾನವಾದರೆ ಮೊದಲ ಮೂರು ಗಂಟೆ ಸುಗಮವಾಗಿ, ಅಲ್ಲಿಂದ ಮುಂದೆ ಕಷ್ಟವಾಗಿ, ಕೊನೆಯ ಕೆಲವು ಗಂಟೆಗಳು ಮತ್ತೆ ಸುಗಮವಾಗುತ್ತವೆ. ಆಗ ಔಷಧಿಯನ್ನು ಹೊರಟ ಎರಡು ಗಂಟೆಯೊಳಗೆ ತೆಗೆದುಕೊಂಡು, ನಿದ್ದೆಯನ್ನು ಕೊನೆಯ ಭಾಗಕ್ಕೆ ಇಟ್ಟುಕೊಳ್ಳಿ. ವಾಪಸಿನ ಪ್ರಯಾಣದ ಮಾತ್ರೆಗಳನ್ನೂ ಇಲ್ಲಿಂದಲೇ ಒಯ್ಯಿರಿ, ಅಲ್ಲಿ ಹೊಸ ವೈದ್ಯರ ಚೀಟಿಯಿಲ್ಲದೆ ಅವು ಸಿಗುವುದಿಲ್ಲ.